ಎಡಗಿವಿಯಲ್ಲೊಂದು ಕೂಗದ ಕುಕ್ಕರ್

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಸಿಕ್ಕಸಿಕ್ಕವರನ್ನೆಲ್ಲ ಆಡಿಕೊಳ್ಳುವಾಗ, ಇವನೇನು ಮಹಾ ಸಾಚಾನೇ ಎಂದು ನೀವು ಹುಬ್ಬೇರಿಸುವುದು ಖಂಡಿತ. ಕಾಡುಹಂದಿ ಓಡಿಸಲು ಢಂ ಎಂದು ಸಿಡಿಸುವ ಪೈಪಿನ ಬಾಯಿಗೆ ಎಡಗಿವಿ ಹಿಡಿದವನು ನಾನು. “ಒತ್ತು ಕಣ್ಲಾ” ಎಂದು ಅಪ್ಪಣೆ ಕೊಟ್ಟವನೂ ನಾನೇ. ಅಂದಿನಿಂದ ಆ ಕಿವಿಯೊಳಗೆ ಒಂದು ಕುಕ್ಕರ್ ಒಲೆಯ ಮೇಲೆ ಕೂತಿದೆ.

ನಮ್ಮ ಅಡುಗೆಮನೆಯಲ್ಲಿ ಇರುವಂಥದೇ ಕುಕ್ಕರ್, ಬೇರೆ ಏನಲ್ಲ. ಅವ್ವ ಬೇಳೆ ಏರಿಸಿ ಉರಿ ದೊಡ್ಡದು ಮಾಡಿದ ಮೇಲೆ, ಅದು ಕೂಗುವುದಕ್ಕೆ ಸ್ವಲ್ಪ ಮುಂಚೆ ಒಂದು ಘಳಿಗೆ ಬರುತ್ತದಲ್ಲ, ಆವಿಯು ಮುಚ್ಚಳದ ಮೇಲಿನ ಗುಂಡಿನ ಸುತ್ತ ಸಣ್ಣಗೆ ‘ಸುಂಯ್’ ಎಂದು ನುಸುಳುತ್ತ, ಇನ್ನೇನು ಕೂಗಿತು, ಇನ್ನೇನು ಕೂಗಿತು ಎಂದು ಮನೆಯವರ ಕಿವಿಯನ್ನೆಲ್ಲ ತನ್ನತ್ತ ಎಳೆದುಕೊಳ್ಳುವ ಘಳಿಗೆ, ಆ ಘಳಿಗೆಯೇ ನನ್ನ ಎಡಗಿವಿಯಲ್ಲಿ ಕಾಯಂ ಬಿಡಾರ ಹೂಡಿತು. ಸುಂಯ್ ಎನ್ನುತ್ತದೆ, ಎನ್ನುತ್ತಲೇ ಇರುತ್ತದೆ, ಕೂಗುವುದು ಮಾತ್ರ ಇಲ್ಲ. ಕೂಗಿಬಿಟ್ಟರೆ ಒಲೆ ಆರಿಸಿ ಊಟಕ್ಕೆ ಕೂರಬಹುದು. ಕೂಗದ ಕುಕ್ಕರಿನ ಮುಂದೆ ತಟ್ಟೆ ಹಿಡಿದು ಕೂತವನ ಪಾಡನ್ನು ನೀವೇ ಊಹಿಸಿಕೊಳ್ಳಿ.

ಕಿವಿಯನ್ನು ಅಲ್ಲಿಗೇಕೆ ಹಿಡಿದೆ ಎಂದು ಕೇಳುತ್ತೀರಿ. ನಾನು ಅನುಕರಣೆಯವನು, ಅಂದರೆ ಗುಂಡ್ಲುಪೇಟೆ ಸುತ್ತಿನ ಮದುವೆ ಮನೆಗಳಲ್ಲಿ ವಾಲಗದವರು ಕಾಫಿ ಕುಡಿಯಲು ಎದ್ದಾಗ ಮೈಕು ಕಸಿದುಕೊಂಡು ಮಿಮಿಕ್ರಿ ಮಾಡುವವನು. ಕೇರಳದ ಲಾರಿ ಘಟ್ಟ ಹತ್ತುವುದು, ಚೆಕ್‌ಪೋಸ್ಟಿನ ಗಾರ್ಡು ಆಕಳಿಸುತ್ತ ನಂಬರು ಬರೆದುಕೊಳ್ಳುವುದು, ಬಾಳೆಮಂಡಿಯ ಹರಾಜು, ನೆಗಡಿಯಾದ ಪುರೋಹಿತರ ಮಂಗಳಾಷ್ಟಕ, ಇವೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಆದರೆ ಬಂಡೀಪುರದಂಚಿನ ಮದ್ದೂರು ಕಡೆಯ ನಮ್ಮ ಹೊಲಗಳಲ್ಲಿ ಹಂದಿ ಬೆದರಿಸಲು ಸಿಡಿಸುವ ಪೈಪಿನ ಸದ್ದು ಮಾತ್ರ ನನಗೆ ಒಲಿದಿರಲಿಲ್ಲ. ‘ಢಂ’ ಎಂದು ಯಾರು ಬೇಕಾದರೂ ಅಂದಾರು. ಆ ಢಂಗೆ ಮೊದಲು ಪೈಪಿನ ಹೊಟ್ಟೆಯಲ್ಲಿ ಒಂದು ಸಣ್ಣ ಉಸಿರಾಟ ಇರುತ್ತದೆಂದೂ ಅದನ್ನು ಹಿಡಿದವನೇ ನಿಜವಾದ ಕಲಾವಿದನೆಂದೂ ನನ್ನ ಸಿದ್ಧಾಂತವಾಗಿತ್ತು. ಚೆಂಡುಹೂವಿನ ಹೊಲದ ಬದುವಿನ ಮೇಲೆ ನಿಂತು ಆ ಉಸಿರನ್ನು ಕೇಳಲು ಕಿವಿ ಕೊಟ್ಟೆ. ಲೈಟರು ಹಿಡಿದಿದ್ದ ಚಿಕ್ಕಪ್ಪನ ಮಗ ಸಿದ್ದ, “ಬ್ಯಾಡ ಕಣ್ಲಾ” ಎಂದ. ಕಲಾವಿದರು ಇಂಥ ಮಾತಿಗೆಲ್ಲ ಕಿವಿಗೊಡುವುದುಂಟೇ? ಕಿವಿ ಆಗಲೇ ಪೈಪಿಗೆ ಕೊಟ್ಟಾಗಿತ್ತು.

ಆ ಉಸಿರು ನನಗೆ ಕೇಳಿಸಲೇ ಇಲ್ಲ ಎಂಬುದನ್ನು ಕಲೆಯ ಹಿತದೃಷ್ಟಿಯಿಂದ ಇಲ್ಲಿ ದಾಖಲಿಸುತ್ತೇನೆ.

ಮನೆಗೆ ಬಂದವನು ಮಾಡಿದ ಮೊದಲ ಕೆಲಸವೆಂದರೆ “ಅವ್ವ, ಆ ಟೀವಿ ಆಫ್ ಮಾಡವ್ವ, ಸುಂಯ್ ಅಂತದೆ” ಎಂದದ್ದು. ಅವ್ವ ನನ್ನ ಮುಖವನ್ನೇ ನೋಡಿ, “ಟೀವೀನೇ ಆಕಿಲ್ವಲ್ಲಲಾ, ಏನ್ ಆಫ್ ಮಾಡನ?” ಎಂದಳು. ಆಮೇಲೆ ಫ್ರಿಜ್ಜು, ಆಮೇಲೆ ಪಕ್ಕದ ಮನೆಯ ಬೋರ್‌ವೆಲ್ಲು, ಆಮೇಲೆ ಹೆದ್ದಾರಿ, ಹೀಗೆ ಆರೋಪಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಬಿಡುಗಡೆ ಮಾಡಿದ ಮೇಲೆ ಕಟಕಟೆಯಲ್ಲಿ ಉಳಿದವನು ನಾನೊಬ್ಬನೇ. ಅವ್ವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು. ಕಿವಿಯಿಂದ ಕೆಲವು ದಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಒಳಗೆ ಕುಕ್ಕರ್, ಹೊರಗೆ ಒಗ್ಗರಣೆ, ತಲೆಯೊಂದು ಅಡುಗೆಮನೆಯಾಯಿತು.

ಇದು ನಗೆಯ ಮಾತಾಗಿಯೇ ಉಳಿಯುತ್ತಿತ್ತೇನೋ, ಆದರೆ ನನ್ನ ಹೊಟ್ಟೆಪಾಡು ಮದುವೆ ಮನೆಯ ಮೈಕಿನದಲ್ಲ, ಜೀಪಿನದು. ಬಂಡೀಪುರದ ಕಾಡಂಚಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಅನುಮತಿಯ ದಾರಿಯಲ್ಲಿ ಹೋಗಿಬರುವ ಜೀಪಿಗೆ ನಾನು ಡ್ರೈವರು. ಜೀಪು ಗುರುಮಲ್ಲಪ್ಪ ಸಾಹುಕಾರರದು. ಅವರಿಗೆ ಗುಂಡ್ಲುಪೇಟೆಯಲ್ಲಿ ಬಾಳೆ ಅರಿಶಿನಗಳ ಮಂಡಿ, ಹಣೆಯ ಮೇಲೆ ಮಾಸದ ವಿಭೂತಿ, ಜೇಬಿನಲ್ಲಿ ನಸ್ಯದ ಡಬ್ಬಿ, ಮಾತಿಗೊಮ್ಮೆ ಒಂದು ಕೆಮ್ಮು. ಆ ಕೆಮ್ಮು ನನ್ನ ಬಂಡವಾಳ. ಅದನ್ನು ಮಾಡಿದರೆ ಊರಿನ ಅರ್ಧ ಮಂಡಿಯವರು ಎದ್ದು ನಿಲ್ಲುತ್ತಾರೆ.

ಹುಲಿಯನ್ನು ಹುಡುಕುವುದು ಕಣ್ಣಿನ ಕೆಲಸ ಎಂದು ನೀವು ತಿಳಿದಿದ್ದರೆ, ಕ್ಷಮಿಸಿ, ಅದು ಕಿವಿಯ ಕೆಲಸ. ಕಾಡಿನ ನಡುವೆ ಎಂಜಿನ್ ಆರಿಸಿ ಸುಮ್ಮನೆ ಕೂರಬೇಕು. ಹುಲಿ ತಾನಾಗಿ ಸದ್ದು ಮಾಡುವ ಪ್ರಾಣಿಯಲ್ಲ. ಅದನ್ನು ಕಂಡ ಜಿಂಕೆಯೋ ಮುಸುವ ಕೋತಿಯೋ ಗಾಬರಿಯಿಂದ ಒಂದು ಕೂಗು ಹಾಕುತ್ತದೆ, ಆ ಕೂಗು ಬಂದ ದಿಕ್ಕಿಗೆ ಜೀಪು ತಿರುಗಿಸಿದವನೇ ಡ್ರೈವರು. ಕೂಗು ಬಾರದ ದಿನ, ಪ್ರವಾಸಿಗರು ಮೊಬೈಲು ತೆಗೆದು ಬೇಸರಿಸಲು ಶುರುಮಾಡಿದಾಗ, ನಾನು ಗದ್ದವನ್ನು ಎದೆಗೆ ಒತ್ತಿಕೊಂಡು ತುಟಿ ಅಲ್ಲಾಡಿಸದೆ ಒಂದು ಜಿಂಕೆಯ ಕೂಗು ಬಿಡುತ್ತಿದ್ದುದೂ ಉಂಟು. ಹುಲಿ ಕಾಣದಿದ್ದರೂ ಹುಲಿ ಇತ್ತಂತೆ ಎಂಬ ರೋಮಾಂಚನದಲ್ಲಿ ಅವರು ತೃಪ್ತರಾಗಿ ಇಳಿಯುತ್ತಿದ್ದರು. ಸಾಹುಕಾರರಿಗೆ ಇದು ಗೊತ್ತಿತ್ತು, ಗೊತ್ತಿಲ್ಲದವರಂತೆ ಕೆಮ್ಮುತ್ತಿದ್ದರು.

ಪೈಪಿನ ಪ್ರಕರಣದ ನಂತರ ಎಂಜಿನ್ ಆರಿಸುವುದೇ ನನಗೊಂದು ಶಿಕ್ಷೆಯಾಯಿತು. ಎಂಜಿನ್ ಗುರುಗುಟ್ಟುತ್ತಿರುವಾಗ ಕುಕ್ಕರ್ ಅದರಡಿ ಅಡಗಿ ಕೂತಿರುತ್ತಿತ್ತು. ಬೀಗದಕೈ ತಿರುಗಿಸಿದ ಕೂಡಲೇ, ಇಡೀ ಕಾಡು ತನಗಾಗಿಯೇ ಮೌನ ಹಿಡಿದಿದೆ ಎಂಬ ಗರ್ವದಲ್ಲಿ, ಸುಂಯ್ ಎಂದು ಸಭೆ ನಡೆಸುತ್ತಿತ್ತು. ಒಂದು ಸಂಜೆ ಹಿಂದೆ ಕೂತಿದ್ದ ಹೆಂಗಸೊಬ್ಬರು “ಏನೋ ಕೂಗಿತಲ್ಲ” ಎಂದರು. ನಾನು, ತಲೆಯೊಳಗಿನ ಸಭೆಯಲ್ಲಿ ಮುಳುಗಿದ್ದವನು, “ಏನಿಲ್ಲ ಮೇಡಂ, ಹಕ್ಕಿ” ಎಂದು ಜೀಪು ಹೊರಡಿಸಿದೆ. ನಮ್ಮ ಹಿಂದೆಯೇ ಬಂದು ಅದೇ ಜಾಗದಲ್ಲಿ ನಿಂತ ಗಾಡಿಯವರಿಗೆ ಮರಿಗಳ ಸಮೇತ ಹುಲಿ ಕಂಡಿತು. ಫೋಟೋಗಳು ನಮಗಿಂತ ಮೊದಲು ಗುಂಡ್ಲುಪೇಟೆ ತಲುಪಿದವು.

ಸಾಹುಕಾರರು ಬೈಯಲಿಲ್ಲ. ನಸ್ಯ ಏರಿಸಿ, ಸೀನಿ, ಕಣ್ಣೊರೆಸಿಕೊಂಡು ಹೇಳಿದರು: “ಬ್ಯಾಸ್ಗೆ ಸೀಜನ್ ಸುರುವಾಗೋವೊತ್ಗೆ ಕಿವಿ ಸರಿ ಮಾಡ್ಕೊಬುಡು. ಇಲ್ದಿದ್ರೆ ಬೀಗದಕೈ ಇಲ್ಲಿ ಮಡುಗ್ಬುಟ್ಟು ಮಂಡೀಲಿ ಬಾಳೆಗೊನೆ ಇಳಿಸ್ಕೊಂಡಿರು.” ಜೀಪಿನ ಮುಂದಿನ ಸೀಟಿನಿಂದ ಮಂಡಿಯ ಹಿಂಬಾಗಿಲಿಗೆ ಎಷ್ಟು ದೂರ ಎಂಬುದು ಆ ಸೀಟಿನಲ್ಲಿ ಕೂತು ಕಾಡು ನೋಡಿದವನಿಗೆ ಮಾತ್ರ ಗೊತ್ತು. ಅಲ್ಲಿ ನಾನು ದಿನವೂ ಒಂದು ಕಾಡನ್ನು ತೋರಿಸುವ ದೊಡ್ಡ ಮನುಷ್ಯ. ಮಂಡಿಯಲ್ಲಿ ನಾನು ಗೊನೆ ಹೊತ್ತ ಒಂದು ಬೆನ್ನು.

ಹಾಗಾಗಿ ಚಾಮರಾಜನಗರದ ಕಿವಿ ಡಾಕ್ಟರ ಬಳಿ ಹೋದೆ. ಅಲ್ಲಿ ಪರೀಕ್ಷೆಗೆಂದು ಒಂದು ಗಾಜಿನ ಗೂಡು. ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಕೈಗೊಂದು ಗುಂಡಿ ಕೊಟ್ಟು, “ಸದ್ದು ಕೇಳಿದಾಗ ಒತ್ತಿ, ನಿಂತಾಗ ಬಿಡಿ” ಎಂದರು. ನಾನು ಒತ್ತಿದವನು ಬಿಡಲೇ ಇಲ್ಲ. ಹೊರಗೆ ಕೂತಿದ್ದ ಹುಡುಗಿ ಸ್ವಲ್ಪ ಹೊತ್ತು ನನ್ನನ್ನು ನೋಡಿ, ಬಾಗಿಲು ತೆರೆದು, “ಸಾರ್, ನಾನಿನ್ನೂ ಮಿಷನ್ನೇ ಆನ್ ಮಾಡಿಲ್ಲ” ಎಂದಳು.

ಡಾಕ್ಟರು ಕಾಗದ ನೋಡಿ ಹೇಳಿದ್ದು ಸಣ್ಣ ಮಾತು: “ಕಿವಿಗೆ ಪೆಟ್ಟಾಗಿರೋದು ಸ್ವಲ್ಪವೇ. ನಿಮಗೆ ಕೇಳಿಸ್ತಾ ಇದೆ. ನೀವು ಕೇಳಿಸ್ಕೊಳ್ತಾ ಇಲ್ಲ, ಅಷ್ಟೇ.” ಸುಂಯ್ ಎನ್ನುವುದನ್ನು ಓಡಿಸುವ ಮಾತ್ರೆ ಇಲ್ಲವೆಂದೂ, ಅದರ ಜೊತೆ ಜಗಳವಾಡುತ್ತಿರುವ ಮನಸ್ಸಿಗೆ ಒಂದಿಷ್ಟು ತರಬೇತಿ ಕೊಡಬಹುದೆಂದೂ, ಅದಕ್ಕೆ ವಾರಕ್ಕೊಮ್ಮೆ ಇದೇ ಊರಲ್ಲಿ ಒಬ್ಬ ಮೇಡಂ ತರಗತಿ ನಡೆಸುತ್ತಾರೆಂದೂ ತಿಳಿಸಿದರು. ಮನಸ್ಸನ್ನು ಇರುವಲ್ಲಿಯೇ ಇರಿಸುವ ಅಭ್ಯಾಸವಂತೆ. ನನ್ನ ಮನಸ್ಸು ಎಲ್ಲಿರುತ್ತದೆಂದು ನನಗೇ ತಿಳಿಯದಿರುವಾಗ ಇರುವಲ್ಲಿಯೇ ಇರಿಸುವುದು ಹೇಗೆ ಎಂಬ ಚಿಂತೆಯಲ್ಲಿ, ಮೊದಲ ವಾರ, ಒಂದು ಮಹಡಿಯ ಮೇಲಿನ ಕೋಣೆಯ ಬಾಗಿಲು ತೆರೆದೆ. ವೃತ್ತಾಕಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಬದನಗುಪ್ಪೆಯ ಕಾರ್ಖಾನೆ ಕಡೆಯ ಮಿಷನ್ನುಗಳ ಸದ್ದನ್ನು ಕಿವಿಯಲ್ಲಿ ತುಂಬಿಕೊಂಡು ಬಂದ ಕೆಲವರು. ಅವರ ನಡುವೆ, ಎಲ್ಲರಿಗಿಂತ ನೆಟ್ಟಗೆ, ಗುರುಮಲ್ಲಪ್ಪ ಸಾಹುಕಾರರು.

ನಾವಿಬ್ಬರೂ ಒಬ್ಬರನ್ನೊಬ್ಬರು ಸಿನಿಮಾ ಟಾಕೀಸಿನಲ್ಲಿ ಸಿಕ್ಕಿಬಿದ್ದ ಮೇಷ್ಟ್ರು ಮತ್ತು ಶಿಷ್ಯನಂತೆ ನೋಡಿದೆವು.

“ನಿಮ್ಗೂನಾ ಸಾವ್ಕಾರ್ರೆ?” ಎಂದೆ.

“ನಂದು ಬ್ಯಾರೆ ಕಣ್ಲಾ,” ಎಂದರು ಗಂಭೀರವಾಗಿ. “ಸೊಸೆ ಬಲವಂತಕ್ಕೆ ಬಂದಿವ್ನಿ.”

ಬೇರೆ ಎಂದರೆ ಏನೆಂಬುದು ಸ್ವಲ್ಪ ಹೊತ್ತಿಗೆ ತಿಳಿಯಿತು. ಮೇಡಂ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಸದ್ದನ್ನು ಪರಿಚಯಿಸಲು ಹೇಳಿದರು. ಒಬ್ಬರದು ಜೀರುಂಡೆ, ಒಬ್ಬರದು ಟ್ರಾನ್ಸ್‌ಫಾರ್ಮರು. ನಾನು ಎದ್ದು “ಕುಕ್ಕರ್” ಎಂದೆ. ಸಾಹುಕಾರರು ಕಣ್ಣು ಮುಚ್ಚಿ, ವಿಭೂತಿಯನ್ನೊಮ್ಮೆ ಮುಟ್ಟಿಕೊಂಡು, “ಓಂಕಾರ” ಎಂದರು. ಸಾಧಕರಿಗೆ ಮಾತ್ರ ಕೇಳುವ ಒಳನಾದ ತಮಗೆ ಮಂಡಿಯ ಗದ್ದುಗೆಯಲ್ಲೇ ಪ್ರಾಪ್ತವಾಗಿದೆ ಎಂಬುದು ಅವರ ನಂಬಿಕೆ. ಒಂದೇ ಕೋಣೆಯಲ್ಲಿ ಧಣಿಗೆ ಓಂಕಾರ, ಆಳಿಗೆ ಕುಕ್ಕರ್. ಕಿವಿಯೊಳಗೂ ಅಂತಸ್ತು ಇರುತ್ತದೆಂದು ನಾನು ತಿಳಿದದ್ದು ಅಂದೇ.

ಮೇಡಂ ವಯನಾಡು ಕಡೆಯ ತವರಿನವರು, ಗುಂಡ್ಲುಪೇಟೆಗೆ ಮದುವೆಯಾಗಿ ಬಂದವರು. ಅವರ ಕನ್ನಡ ಶುದ್ಧವೇ, ಆದರೆ ಪ್ರತಿ ಮಾತಿನ ಕೊನೆಯನ್ನು ತೆಂಗಿನೆಣ್ಣೆ ಸುರಿದಂತೆ ನುಣುಪಾಗಿ ಎಳೆಯುತ್ತಾರೆ: “ಸದ್ದು ಬರಲೀ... ಹೋಗಲೀ... ನೀವು ಸುಮ್ಮನೇ... ಇರೀ...” ಆ ಧ್ವನಿ ಕೇಳಿದ ಘಳಿಗೆಯಲ್ಲೇ ಅದನ್ನು ಕದಿಯಬೇಕೆಂದು ನನ್ನ ಗಂಟಲು ತುರಿಸಿತು.

ಮೊದಲ ಪಾಠ ಒಣದ್ರಾಕ್ಷಿಯದು. ಅಂಗೈಗೆ ಒಂದೊಂದು ದ್ರಾಕ್ಷಿ ಕೊಟ್ಟು, ಅದನ್ನು ಜನ್ಮದಲ್ಲೇ ನೋಡಿಲ್ಲವೆಂಬಂತೆ ನೋಡಿ, ಮೂಸಿ, ಮುಟ್ಟಿ, ಬಹಳ ಹೊತ್ತಿನ ಮೇಲೆ ನಾಲಿಗೆಯ ಮೇಲಿಟ್ಟು, ಇನ್ನೂ ಬಹಳ ಹೊತ್ತಿನ ಮೇಲೆ ಅಗಿಯಬೇಕು. ಎಲ್ಲರೂ ಭಕ್ತಿಯಿಂದ ದ್ರಾಕ್ಷಿಯನ್ನು ನಿರುಕಿಸುತ್ತಿದ್ದಾಗ, ಏನು ಕಂಡಿತೆಂದು ಮೇಡಂ ಕೇಳಿದರು. ಸಾಹುಕಾರರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಓದ್ ವರ್ಸದ ಮಾಲು” ಎಂದರು. ನಾನು ನಕ್ಕೆ, ನನ್ನ ದ್ರಾಕ್ಷಿ ಅಗಿಯುವ ಮುಂಚೆಯೇ ಗಂಟಲಿಗಿಳಿದು, ಧ್ಯಾನದ ಹಂತಗಳನ್ನೆಲ್ಲ ದಾಟಿ ನೇರ ಮುಕ್ತಿ ಪಡೆಯಿತು.

ಹೀಗೇ ವಾರಗಳು ಕಳೆದವು. ಉಸಿರನ್ನು ಗಮನಿಸುವುದು, ಪಾದದಿಂದ ನೆತ್ತಿಯವರೆಗೆ ಮೈಯನ್ನು ಒಳಗಿನಿಂದಲೇ ಸವರಿಕೊಂಡು ಬರುವುದು, ಎಲ್ಲಾದರೂ ತುರಿಸಿದರೆ ಕೆರೆಯದೆ ಆ ತುರಿಕೆ ಹುಟ್ಟಿ ಬೆಳೆದು ಸಾಯುವುದನ್ನು ನೋಡುವುದು. ನಾನು ಕೂರುತ್ತಿದ್ದೆ, ಕಣ್ಣು ಮುಚ್ಚುತ್ತಿದ್ದೆ; ಆದರೆ ಪಕ್ಕದವನ ಗೊರಕೆ ಕಿವಿಗೆ ಬಿದ್ದರೆ ಅದರ ಏರಿಳಿತವನ್ನು ಒಳಗೊಳಗೇ ಹೊಲಿದುಕೊಳ್ಳುತ್ತಿದ್ದೆ, ಕೆಳಗಿನ ರಸ್ತೆಯಲ್ಲಿ ಸೊಪ್ಪು ಮಾರುವವಳ ಕೂಗನ್ನು ಗಂಟಲಲ್ಲಿ ಅಳತೆ ನೋಡುತ್ತಿದ್ದೆ. ಚಹಾದ ಬಿಡುವಿನಲ್ಲಿ ಮಾತ್ರ ನನ್ನ ನಿಜವಾದ ಸಾಧನೆ ಪ್ರಕಟವಾಗುತ್ತಿತ್ತು. ಒಂದು ಸಲ ಎಲ್ಲರೂ ಲೋಟ ಹಿಡಿದು ಸುತ್ತ ನಿಂತಿದ್ದಾಗ, ಕೈಯನ್ನು ಮಡಿಲಲ್ಲಿಟ್ಟವನಂತೆ ನಟಿಸಿ, “ಚಹಾ ಬರಲೀ... ಹೋಗಲೀ... ಬಿಸ್ಕತ್ತು ಮಾತ್ರ... ಇರಲೀ...” ಎಂದೆ. ನಗು ಏಳಬೇಕಾದಲ್ಲಿ ಏಳಲಿಲ್ಲ. ಎಲ್ಲರ ಕಣ್ಣೂ ನನ್ನ ಹೆಗಲಿನಾಚೆ ನೆಟ್ಟಿದ್ದವು.

ಮೇಡಂ ಕೋಪಿಸಿಕೊಳ್ಳಲಿಲ್ಲ. “ತುಂಬಾ ಚೆನ್ನಾಗಿದೆ ಮಾದೇಶ್,” ಎಂದರು. “ನನಗೆ ಇವತ್ತು ಗಂಟಲು ಕೆಟ್ಟಿದೆ. ಮುಂದಿನ ಅಭ್ಯಾಸ ನೀವೇ ಮಾಡಿಸಿ. ಇದೇ ಧ್ವನಿಯಲ್ಲಿ.”

ಗೆಳೆಯರೇ, ನಗಿಸುವುದಕ್ಕೆ ಕದ್ದ ಧ್ವನಿಯಲ್ಲಿ ನಗಿಸದೆ ಮಾತಾಡುವುದು ಎಂಥ ಕಷ್ಟವೆಂದು ನಿಮಗೇನು ಗೊತ್ತು? ವೃತ್ತದ ನಡುವಿನ ಕುರ್ಚಿಯಲ್ಲಿ ಕೂತು, ಕಳ್ಳನೊಬ್ಬ ಕದ್ದ ಒಡವೆಯನ್ನು ಒಡೆಯರ ಮುಂದೆಯೇ ಹಾಕಿಕೊಂಡು ಮೆರೆಯುವಂತೆ, “ಕಣ್ಣು ಮುಚ್ಚೀ...” ಎಂದೆ. ಎಲ್ಲರೂ ಮುಚ್ಚಿದರು, ಸಾಹುಕಾರರೂ ಮುಚ್ಚಿದರು. ಹುಟ್ಟಿದ ಮೇಲೆ ಮೊದಲ ಬಾರಿಗೆ ಸಾಹುಕಾರರು ನನ್ನ ಮಾತು ಕೇಳಿದರು. “ಸದ್ದು ಬರಲೀ... ಅದಕ್ಕೆ ಹೆಸರು ಕೊಡಬೇಡೀ... ಅದರ ಹಿಂದೆ ಓಡಬೇಡೀ...” ಎನ್ನುತ್ತ ಹೋದಂತೆ ಒಂದು ವಿಚಿತ್ರ ನಡೆಯಿತು. ಆ ಮಾತನ್ನು ನಾನು ಹೇಳುತ್ತಿದ್ದೆ, ಆದರೆ ನನ್ನ ಧ್ವನಿಯಲ್ಲಲ್ಲ. ಆದ್ದರಿಂದ ಅದನ್ನು ಕೇಳಬೇಕಾದ ಮಾದೇಶನೂ ಅಲ್ಲೇ ಒಂದು ಮೂಲೆಯಲ್ಲಿ ಬಿಡುವಾಗಿ ಕೂತಿದ್ದ. ಕದಿಯಲು ಇನ್ನೇನೂ ಉಳಿದಿರಲಿಲ್ಲ, ಕದ್ದದ್ದು ಬಾಯಲ್ಲೇ ಇತ್ತು. ಕುಕ್ಕರ್ ಸುಂಯ್ ಎಂದಿತು. ಎಂದರೆ ಎನ್ನಲಿ ಎಂದು ಯಾರೋ ಎಣ್ಣೆಯಂಥ ಧ್ವನಿಯಲ್ಲಿ ಹೇಳಿದರು. ಸರಿ ಎಂದು ನಾನು ಸುಮ್ಮನಾದೆ.

ಆಮೇಲೆ ಯೋಚಿಸಿದಾಗ ನನಗೆ ನನ್ನ ಕಸುಬಿನ ಗುಟ್ಟೇ ಕೈಗೆ ಸಿಕ್ಕಿದಂತಾಯಿತು. ಅನುಕರಣೆಯವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆಂದು ಲೋಕ ತಿಳಿದಿದೆ. ಅವನೂ ಹಾಗೇ ತಿಳಿದಿದ್ದಾನೆ. ನಿಜವೆಂದರೆ ಅವನು ಯಾವುದನ್ನೂ ಕೊನೆತನಕ ಕೇಳಿದವನಲ್ಲ. ನೀವು ಅವನಿಗೆ ನಿಮ್ಮ ಕಷ್ಟ ಹೇಳುತ್ತಿರುತ್ತೀರಿ, ಅವನು ನಿಮ್ಮ ಮೂಗಿನಿಂದ ಬರುವ ಅನುಸ್ವಾರವನ್ನು ಜೇಬಿಗೆ ಹಾಕಿಕೊಳ್ಳುತ್ತಿರುತ್ತಾನೆ. ಕೇಳಿದ್ದನ್ನೆಲ್ಲ ಕೂಡಲೇ ಹಿಂದಿರುಗಿಸಬೇಕು, ಅದೂ ಸ್ವಲ್ಪ ಬಣ್ಣ ಬಳಿದು, ಎಂಬ ಚಟ ಅವನದು. ನನ್ನ ಎಡಗಿವಿಯ ಸದ್ದು ನನ್ನನ್ನು ಅಷ್ಟು ಕಾಡಿದ್ದೇಕೆಂದರೆ, ಜಗತ್ತಿನಲ್ಲಿ ನಾನು ಹಿಂದಿರುಗಿಸಲಾಗದ ಸದ್ದು ಅದೊಂದೇ. ಎಷ್ಟು ಚೆನ್ನಾಗಿ ಮಾಡಿ ತೋರಿಸಿದರೂ ಹೌದು, ಹಾಗೇ ಇದೆ ಎಂದು ಚಪ್ಪಾಳೆ ತಟ್ಟಲು ಅದನ್ನು ಕೇಳಿದ ಇನ್ನೊಂದು ಪ್ರಾಣಿ ಇಲ್ಲ.

ಮೇಡಂ ಬಳಿ ಒಂದು ಸಂದೇಹ ಮಾತ್ರ ಉಳಿದಿತ್ತು. “ಬರೋ ಸದ್ದನ್ನೆಲ್ಲ ಬರಲಿ ಹೋಗಲಿ ಅಂತ ಬಿಟ್ಟರೆ, ಕಾಡಲ್ಲಿ ಜಿಂಕೆ ಕೂಗಿದಾಗ್ಲೂ ಹುಲಿ ಬರಲಿ ಹೋಗಲಿ ಅಂತ ಕೂರಬೇಕಾ ಮೇಡಂ? ನನ್ನ ಸೀಟು ಹೋಯ್ತದಲ್ಲ” ಎಂದೆ.

“ಹುಲಿಯನ್ನು ನೀವು ಬಿಡೋದೇನು, ಅದು ನಿಮ್ಮನ್ನು ಬಿಡಬೇಕು,” ಎಂದರು ಅವರು. ಆಮೇಲೆ ನಗು ನಿಲ್ಲಿಸಿ, “ಬಿಡೋದು ಉತ್ತರ ಕೊಡೋದನ್ನ ಮಾದೇಶ್, ಕೇಳೋದನ್ನಲ್ಲ” ಎಂದರು.

ನಾನು ಅಭ್ಯಾಸ ಮಾಡಿಸಿದ ಆ ದಿನ ಊರಿಗೆ ಮರಳುವಾಗ ಸಾಹುಕಾರರು ತಮ್ಮ ಕಾರಿಗೆ ನನ್ನನ್ನೇ ಡ್ರೈವರು ಮಾಡಿಕೊಂಡರು. ತೆರಕಣಾಂಬಿ ದಾಟಿದ ಮೇಲೆ, ಕಿಟಕಿಯಾಚೆಯ ಅರಿಶಿನದ ಹೊಲಗಳನ್ನು ನೋಡುತ್ತ, ನನಗೆ ಹೇಳುತ್ತಿರುವರೋ ಹೊಲಕ್ಕೋ ತಿಳಿಯದಂತೆ ಅಂದರು: “ಓಂಕಾರ ಅಲ್ಲ ಕಣ್ಲಾ ಅದು.”

ನಾನು ಗೇರು ಬದಲಾಯಿಸಿದೆ.

“ಇವತ್ತು ನೀನು ಎಸರು ಕೊಡ್ಬೇಡಿ ಅಂದ್ಯಲ್ಲ, ಕೊಡ್ದೆ ಕೇಳ್ದೆ. ಅಕ್ಕಿ ಗಿರಣಿ ಬೆಲ್ಟ್ ತಿರುಗ್ದಂಗದೆ. ಅಷ್ಟೇಯ. ನಿಮ್ಮಮ್ಮಾರು ಇದ್ದಾಗ ಇದು ಕೇಳ್ತಿರ್ನಿಲ್ಲ. ಅವಳು ಎದ್ದಾಗ್ನಿಂದ ಮನಗೋಗಂಟ ಮಾತಾಡೋಳು. ನಾನು ಬೈಯ್ಯೋನು, ಬಾಯ್ ಮುಚ್ಚಮ್ಮಿ, ಲೆಕ್ಕ ತಪ್ತದೆ ಅಂತ.” ಒಮ್ಮೆ ಕೆಮ್ಮಿದರು. “ಮುಚ್ಚುದ್ಲು. ಈಗ ಇದೊಂದು ಕೂಗ್ತಾ ಕುಂತದೆ.”

ಸಾಹುಕಾರರ ಹೆಂಡತಿ ಅಮ್ಮನವರು ತೀರಿಕೊಂಡಾಗ ನಾನೂ ಹೆಗಲು ಕೊಟ್ಟವನೇ. ಆದರೆ ಅವರಿಲ್ಲದ ಮನೆಯಲ್ಲಿ ಏನು ಕೇಳಿಸುತ್ತದೆಂದು ಅಂದಿನವರೆಗೆ ನಾನು ಯೋಚಿಸಿರಲಿಲ್ಲ. ಆ ಕೆಮ್ಮು ನನ್ನ ಸಂಗ್ರಹದಲ್ಲಿ ಇಲ್ಲದ ಹೊಸ ಕೆಮ್ಮು. ಸಣ್ಣದು, ಮಧ್ಯದಲ್ಲಿ ಮುರಿದದ್ದು. ಹಿಂದಾಗಿದ್ದರೆ ಮನೆ ಮುಟ್ಟುವ ಮೊದಲೇ ಅದನ್ನು ಗಂಟಲಿಗೆ ಇಳಿಸಿಕೊಂಡಿರುತ್ತಿದ್ದೆ. ಅಂದು ಅದು ಬಂತು, ಹೋಯಿತು. ಅದನ್ನು ಇಂದಿಗೂ ನಾನು ಯಾರ ಮುಂದೆಯೂ ಮಾಡಿಲ್ಲ, ಮಾಡಲು ಬರುವುದೂ ಇಲ್ಲ.

ಆದರೆ ಸಾಹುಕಾರರು ಸಾಹುಕಾರರೇ. ಗುಂಡ್ಲುಪೇಟೆ ಕಾಣಿಸಿದ ಕೂಡಲೇ ಟವೆಲ್ಲು ಕೊಡವಿ, “ಸೀಜನ್ ಬಂತು. ನಾನೇ ಜೀಪಲ್ಲಿ ಕುಂತು ನೋಡ್ತೀನಿ, ನಿನ್ ಕಿವಿ ಎಂಗದೆ ಅಂತ. ಮೇಡಮ್ಮಾರ್ನೂ ಕರ್ಕೊಂಡೋಗನ, ಪಾಪ, ಅವ್ರು ಹುಲಿ ನೋಡಿಲ್ವಂತೆ” ಎಂದರು.

ಹೀಗೆ ನನ್ನ ಪರೀಕ್ಷೆಯ ಸಂಜೆ ಬಂತು. ನನ್ನ ಬೆನ್ನಿಗೆ ಸಾಹುಕಾರರು, ಅವರ ಪಕ್ಕದಲ್ಲಿ ಮೇಡಂ. ಒಣಗಿದ ಹಳ್ಳವೊಂದರ ಬಳಿ, ಬಿದಿರಿನ ಮೆಳೆಗಳ ನಡುವೆ ಜೀಪು ನಿಲ್ಲಿಸಿ ಎಂಜಿನ್ ಆರಿಸಿದೆ. ಕಾಡು ಮೌನವಾಯಿತು, ಕುಕ್ಕರ್ ಎದ್ದು ಕೂತಿತು. ಸುಂಯ್. ಬಾಳೆಗೊನೆಯ ಭಾರ ಹೆಗಲಿಗೆ ಆಗಲೇ ತಾಗಿದಂತಾಯಿತು. ಆಗ ಒಳಗೇ ಆ ಎಣ್ಣೆಯ ಧ್ವನಿಯನ್ನು ಎತ್ತಿಕೊಂಡೆ: ಬರಲೀ... ಧ್ವನಿಯ ಒಡತಿ ಹಿಂದೆಯೇ ಕೂತಿದ್ದಾರೆ, ನಾನು ಅವರ ಧ್ವನಿಯಲ್ಲಿ ನನಗೇ ಪಾಠ ಹೇಳಿಕೊಳ್ಳುತ್ತಿದ್ದೇನೆ. ಕುಕ್ಕರ್ ತನ್ನ ಪಾಡಿಗಿತ್ತು. ಅದರ ಆಚೆ ಒಣ ಎಲೆ ಉರುಳುವುದಿತ್ತು, ಅದರಾಚೆ ಮರಕುಟಿಗ, ಅದರಾಚೆ ಗಾಳಿಗೆ ಬಿದಿರು ಬಿದಿರನ್ನು ಉಜ್ಜುವುದು. ಇಷ್ಟು ದಿನ ಬಾಗಿಲಲ್ಲೇ ನಿಂತು ಜಗಳವಾಡುತ್ತಿದ್ದವನು ಬಾಗಿಲಿನ ಪಕ್ಕದಲ್ಲೇ ಇಷ್ಟು ಅಗಲದ ದಾರಿ ಇದ್ದುದನ್ನು ನೋಡಿಯೇ ಇರಲಿಲ್ಲ.

ಎಲ್ಲಕ್ಕಿಂತ ಆಚೆ, ಹಳ್ಳದ ಬಲಕ್ಕೆ, ಜಿಂಕೆಯೊಂದು ಕೂಗಿತು.

“ಅದೋ,” ಎಂದೆ ಪಿಸುದನಿಯಲ್ಲಿ. “ಜಿಂಕೆ. ಹುಲಿ ಕಂಡದೆ.”

ಹಿಂದಿನಿಂದ ಸಾಹುಕಾರರು ನಿಟ್ಟುಸಿರು ಬಿಟ್ಟರು. “ಬುಡ್ಲಾ. ನಿನ್ ಗಂಟ್ಲು ನಂಗೊತ್ತಿಲ್ವ?”

“ದೇವ್ರಾಣೆ ನಾನಲ್ಲ ಸಾವ್ಕಾರ್ರೆ.”

“ನಿಜ ಹೇಳಿ ಮಾದೇಶ್,” ಎಂದರು ಮೇಡಂ, ಮಗುವನ್ನು ರಮಿಸುವ ಧ್ವನಿಯಲ್ಲಿ. “ಪರವಾಗಿಲ್ಲ.”

ನನ್ನ ಸ್ಥಿತಿಯನ್ನು ನೋಡಿ. ನಾನೊಬ್ಬನೇ ಕೇಳುವ ಸದ್ದನ್ನು ಯಾರೂ ನಂಬುವುದಿಲ್ಲವೆಂಬ ಕೊರಗು ಹೊತ್ತು ತಿರುಗಿದವನಿಗೆ, ಈಗ ಎಲ್ಲರೂ ಕೇಳಿದ ಸದ್ದು ಒಂದು ಸಿಕ್ಕಿತು. ಅದನ್ನು ಎಲ್ಲರೂ ಸೇರಿ ನನ್ನ ಹೆಸರಿಗೆ ಬರೆದರು. ಇಷ್ಟು ವರ್ಷ ಸುಳ್ಳು ಜಿಂಕೆಗಳನ್ನು ಮೇಯಿಸಿದ್ದಕ್ಕೆ ನಿಜವಾದ ಜಿಂಕೆ ಸೇಡು ತೀರಿಸಿಕೊಂಡಿತ್ತು. ನಾನಲ್ಲವೆಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಹಿಂದಿನಿಂದ ಸಾಹುಕಾರರ ಅಂಗೈ ಬಂದು ನನ್ನ ಬಾಯಿಯನ್ನು ಮೂಗಿನ ಸಮೇತ ಮುಚ್ಚಿತು. “ಈಗ ಕೂಗು ನೋಡನ” ಎಂದರು.

ಕೂಗಿತು. ಜಿಂಕೆ. ಮೊದಲಿಗಿಂತ ಹತ್ತಿರ, ಮೊದಲಿಗಿಂತ ಚೂಪಾಗಿ.

ಅಂಗೈ ಅಲ್ಲೇ ಗಟ್ಟಿಯಾಯಿತು. ತೆಗೆಯುವುದನ್ನು ಮರೆತರು, ಏಕೆಂದರೆ ಹಳ್ಳದ ಆಚೆಯ ಬಿದಿರು ಎರಡಾಗಿ ಸರಿದು, ಮಂಡಿಗೆ ಬರುವ ಹಳೆಯ ಗಿರಾಕಿಯ ಗತ್ತಿನಲ್ಲಿ, ಹುಲಿ ದಾರಿಗಿಳಿದಿತ್ತು. ಆ ಅಂಗೈಯಲ್ಲಿ ಮೂವತ್ತು ವರ್ಷದ ನಸ್ಯ ಇತ್ತೆಂದು ಹೇಳಲು ಮರೆತೆ. ಹುಲಿ ನಮ್ಮನ್ನು ನೋಡುತ್ತಿದೆ. ನನ್ನ ಮೂಗಿನ ಬುಡದಲ್ಲಿ ಸೀನೊಂದು ಹುಟ್ಟಿ, ಕಣ್ಣಿನವರೆಗೆ ಬೆಳೆದು, ನೆತ್ತಿಯಲ್ಲಿ ಸಿಡಿಯಲು ಸಿದ್ಧವಾಗುತ್ತಿದೆ. ಮಹಡಿಯ ಕೋಣೆಯಲ್ಲಿ ಕೆರೆಯದೆ ಕೂತು ನೋಡಿದ ತುರಿಕೆಗಳೆಲ್ಲ ಈ ಒಂದು ಸೀನಿಗಾಗಿ ಮಾಡಿದ ತಾಲೀಮಾಗಿದ್ದವೆಂದು ನನಗಾಗ ಹೊಳೆಯಿತು. ನೋಡಿದೆ. ಅದು ಏರಿತು, ನಡುಗಿತು, ಇನ್ನೂ ಏರಿತು. ಬೆನ್ನ ಹಿಂದೆ ಮೇಡಂ, ಹುಲಿಗೋ ನನಗೋ ತಮಗೋ ತಿಳಿಯದು, ಉಸಿರಿನಲ್ಲೇ “ಬರಲೀ... ಹೋಗಲೀ...” ಎನ್ನುತ್ತಿದ್ದರು. ಹುಲಿ ಬಂತು, ಹೋಯಿತು. ಅದರ ಬಾಲದ ತುದಿ ಪೊದೆಯಲ್ಲಿ ಮರೆಯಾದ ಮೇಲೆ ನಾನು ಸೀನಿದ ಸೀನಿಗೆ ಮರದ ಮುಸುವಗಳೆಲ್ಲ ಎಚ್ಚರಿಕೆಯ ಕೂಗು ಹಾಕಿದವು.

ಸಾಹುಕಾರರು ಅಂಗೈಯನ್ನು ಟವೆಲ್ಲಿಗೆ ಒರೆಸಿಕೊಂಡರು. “ಬೀಗದಕೈ ನಿನ್ ತಾವೇ ಇರ್ಲಿ,” ಎಂದರು. “ಆದ್ರೆ ಇನ್ಮ್ಯಾಲೆ ನೀನು ಜಿಂಕೆ ಕೂಗು ಕೂಗ್ಬ್ಯಾಡ. ಜಿಂಕೆ ಕೂಗ್ದಾಗ ನಂಬಾಕಾಗಕಿಲ್ಲ.”

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಬ್ಬ ಸಾಧಕನಾಗಿ ನಿಮ್ಮ ನೆನಪಿನಲ್ಲಿ ಉಳಿಯುತ್ತಿದ್ದೆ. ಆದರೆ ಮನೆಗೆ ಹೋಗಲೇಬೇಕಾಯಿತು.

ಮರುದಿನ ಬೆಳಗ್ಗೆ ಅವ್ವ ಬೇಳೆ ಏರಿಸಿ, ಹಿತ್ತಲಿಗೆ ಬಟ್ಟೆ ಒಣಹಾಕಲು ಹೊರಟವಳು, ಕೂಗಿದ ಮೇಲೆ ಒಲೆ ಆರಿಸು ಎಂದು ಹೇಳಿಹೋದಳು. ನಾನು ಒಲೆಯ ಪಕ್ಕದ ಮಣೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆ ಘಳಿಗೆ ಬಂತು, ಆವಿ ಗುಂಡಿನ ಸುತ್ತ ನುಸುಳುವ ಘಳಿಗೆ. ಒಲೆಯ ಮೇಲೊಂದು ಸುಂಯ್, ಕಿವಿಯೊಳಗೊಂದು ಸುಂಯ್. ಯಾವುದು ಯಾರದೆಂದು ಕೇಳದೆ, ಯಾವುದಕ್ಕೂ ಕಾಯದೆ, ಜುಗಲ್‌ಬಂದಿಗೆ ಬಂದ ಒಬ್ಬನೇ ಶ್ರೋತೃವಿನಂತೆ ಕಣ್ಣು ಮುಚ್ಚಿ ಕೂತೆ. ಇಷ್ಟು ದಿನ ನನ್ನನ್ನು ಕೊಂದದ್ದು ಸದ್ದಲ್ಲ, ಇನ್ನೇನು ಕೂಗೀತು ಎಂಬ ಕಾತರ ಎಂಬುದು ಆಗ ಎಷ್ಟು ತಿಳಿಯಾಗಿ ಕಂಡಿತೆಂದರೆ, ಕುಕ್ಕರ್ ನಿಜವಾಗಿಯೂ ಕೂಗಿದಾಗ, ಕೂಗು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಹಿತ್ತಲಿನಿಂದ “ಲೇ ಮಾದೇಸ” ಎಂದು ಒಂದು ಕೂಗು ಬಂತು. ಅದನ್ನೂ ಬಿಟ್ಟೆ. ಆಮೇಲೆ ಬಂದದ್ದು ಸದ್ದಲ್ಲ, ವಾಸನೆ.

ಅವ್ವ ಓಡಿಬಂದು ಒಲೆ ಆರಿಸಿ, ಗುಂಡು ಎತ್ತಿ ಆವಿ ಬಿಟ್ಟು, ಮುಚ್ಚಳ ತೆಗೆದು, ತಳ ಹಿಡಿದು ಕಪ್ಪಾದ ಬೇಳೆಯನ್ನೂ ನನ್ನನ್ನೂ ಒಂದೇ ಕಣ್ಣಿನಿಂದ ನೋಡಿದಳು. ನಾನು ಎದ್ದು, ತರಬೇತಿಯ ಸಾರವನ್ನೆಲ್ಲ ನನಗೆ ತಿಳಿದಷ್ಟು ಸರಳವಾಗಿ ವಿವರಿಸಿದೆ: ಸದ್ದು ಬರುತ್ತದೆ, ಹೋಗುತ್ತದೆ, ನಾವು ಕೇಳಿಸಿಕೊಳ್ಳಬೇಕು, ಆದರೆ ಉತ್ತರ ಕೊಡದೆ ಸುಮ್ಮನಿರಬೇಕು, ಇದನ್ನು ಕಲಿಯಲು ನನಗೆ ಇಷ್ಟು ತಿಂಗಳು ಹಿಡಿಯಿತು.

ಅವ್ವ ಕುಕ್ಕರನ್ನು ನೀರಿನ ತೊಟ್ಟಿಗೆ ಅದ್ದಿದಳು. ಅದು ಕೊನೆಯ ಬಾರಿ ಸುಂಯ್ ಎಂದಿತು.

“ಉಟ್ಟಿದಾಗ್ನಿಂದ ನಾನು ಕೂಗ್ದಾಗೆಲ್ಲ ನೀನು ಅದ್ನೇ ಅಲ್ವೇನ್ಲಾ ಮಾಡ್ತಿರೋದು,” ಎಂದಳು, “ಅದ ಕಲಿಯಾಕೆ ಚಾಮ್ರಾಜ್‌ನಗ್ರಕ್ಕೆ ಯಾಕ್ ಓಗ್ಬೇಕಿತ್ತು?”